ಕೋಣೆಯ ಶುಚಿತ್ವ, ಹಳ್ಳದ ಲೆಕ್ಕ

ಸಕಲೇಶಪುರ ಪಟ್ಟಣವನ್ನು ದಾಟಿ ಮಂಗಳೂರಿನತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 75, ಶಿರಾಡಿ ಘಾಟಿಯನ್ನು ಇಳಿಯುವ ಮುನ್ನ ದೋಣಿಗಲ್ಲನ್ನು ಹಾದುಹೋಗುತ್ತದೆ. ಈ ಭಾಗದಲ್ಲಿ ಹೆದ್ದಾರಿಯಿಂದ ಕವಲೊಡೆದು ಕಾಫಿ ತೋಟಗಳ ಒಳಹೊಕ್ಕ ಮಣ್ಣುದಾರಿಗಳ ಬಾಯಲ್ಲಿ ಇಂದು ಹೋಂಸ್ಟೇಗಳ ಫಲಕಗಳು ನಿಂತಿವೆ. ಶನಿವಾರ ಬೆಳಿಗ್ಗೆ ಹನ್ನೊಂದಕ್ಕೆ ಒಂದು ತಂಡ ಮನೆ ಬಿಡುತ್ತದೆ. ಮಧ್ಯಾಹ್ನ ಎರಡಕ್ಕೆ ಮತ್ತೊಂದು ತಂಡ ಬಂದಿಳಿಯುತ್ತದೆ. ನಡುವಣ ಮೂರು ಗಂಟೆಗಳ ಕಾಲ ಅಲ್ಲಿ ನಡೆಯುವ ಕೆಲಸ ಪ್ರವಾಸಿಗರ ಕಣ್ಣಿಗೆ ಬೀಳುವುದಿಲ್ಲ. ಹತ್ತಿರದ ಲೈನ್ ಮನೆಗಳಿಂದ ಬಂದ ಇಬ್ಬರು ಹೆಣ್ಣುಮಕ್ಕಳು ಹಾಸಿಗೆಯ ಬಟ್ಟೆ ಬದಲಿಸಿ, ಬಚ್ಚಲು ಶೌಚಾಲಯಗಳನ್ನು ತಿಕ್ಕಿ, ಅಂಗಳದಲ್ಲಿ ರಾತ್ರಿ ಹೊತ್ತಿಸಿದ ಬೆಂಕಿಯ ಬೂದಿಯನ್ನು ಬಾಚಿ, ಜಗಲಿಯಲ್ಲಿ ಉರುಳಿದ ಬಾಟಲಿಗಳನ್ನು ಆಯ್ದು, ನೆಲದ ಮೇಲಿನ ಕೆಂಪುಮಣ್ಣಿನ ಹೆಜ್ಜೆಗಳನ್ನು ಒರೆಸುತ್ತಾರೆ. ಆಮೇಲೆ ಬಟ್ಟೆ ಒಗೆಯುವ ಕೆಲಸ ಉಳಿದಿರುತ್ತದೆ. ಅದನ್ನು ಮುಗಿಸಿ, ಆನೆಗಳು ತೋಟಕ್ಕಿಳಿಯುವ ಹೊತ್ತಿಗೆ ಮುಂಚೆ ಅವರು ಮನೆ ಸೇರಿಕೊಳ್ಳಬೇಕು.

ಈ ದುಡಿಮೆಯ ಬೆಲೆಯೆಷ್ಟು, ಅದನ್ನು ಯಾರು ತೆರಬೇಕು, ಕೋಣೆಯಿಂದ ಹೊರಬಿದ್ದ ಕೊಳೆ ಕೊನೆಗೆ ಎಲ್ಲಿ ಸೇರುತ್ತದೆ? ಪ್ರವಾಸೋದ್ಯಮದ ಕುರಿತ ಚರ್ಚೆಗಳಲ್ಲಿ ಈ ಮೂರು ಪ್ರಶ್ನೆಗಳು ಒಟ್ಟಿಗೆ ಏಳುವುದು ಅಪರೂಪ. ಸದ್ಯಕ್ಕೆ ಮಲೆನಾಡಿನಲ್ಲಿ ಎರಡು ಪದ್ಧತಿಗಳು ಕಾಣುತ್ತವೆ. ಕೆಲವರು ಬಿಲ್ಲಿನ ಕೊನೆಯಲ್ಲಿ 'ಸ್ವಚ್ಛತಾ ಶುಲ್ಕ' ಎಂದು ಐನೂರೋ ಸಾವಿರವೋ ಅಂದಾಜಿನ ಮೊತ್ತವೊಂದನ್ನು ಬರೆಯುತ್ತಾರೆ. ಇನ್ನು ಕೆಲವರು 'ಎಲ್ಲವೂ ಬಾಡಿಗೆಯಲ್ಲೇ ಸೇರಿದೆ' ಎನ್ನುತ್ತಾರೆ. ಮೊದಲನೆಯದರಲ್ಲಿ ಆ ಮೊತ್ತ ಎಲ್ಲಿಂದ ಬಂತೆಂದು ಯಾರಿಗೂ ತಿಳಿಯದು. ಎರಡನೆಯದರಲ್ಲಿ ಶುಚಿತ್ವದ ವೆಚ್ಚ ಕಾಗದದಿಂದ ಮರೆಯಾಗಿ, ದನಿಯಿಲ್ಲದವರ ಹೆಗಲಿಗೆ ಬೀಳುತ್ತದೆ. ಆ ದನಿಯಿಲ್ಲದವರಲ್ಲಿ ಒಬ್ಬಳು ಗುಡಿಸುವವಳು, ಮತ್ತೊಂದು ಮನೆಯ ಕೆಳಗೆ ಹರಿಯುವ ಹಳ್ಳ. ಸ್ವಚ್ಛತಾ ಶುಲ್ಕ ಬೇಕು, ಆದರೆ ಅದು ಕೆಲಸದಿಂದ ಲೆಕ್ಕ ಹಾಕಿದ್ದಾಗಿರಬೇಕು ಮತ್ತು ಈ ಇಬ್ಬರಿಗೂ ತಲುಪಬೇಕು. ಹಾಗಾಗದಿದ್ದರೆ ಅದನ್ನು ನ್ಯಾಯವಾದ ಶುಲ್ಕವೆನ್ನಲು ಬಾರದು.

ಮನೆಯೂಟದಿಂದ ಬಾಡಿಗೆಮನೆಗೆ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಕಾಫಿಯ ಬೆಲೆ ನೆಲಕಚ್ಚಿದಾಗ ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಅನೇಕ ಬೆಳೆಗಾರ ಕುಟುಂಬಗಳು ತಮ್ಮ ಮನೆಯ ಒಂದೆರಡು ಕೋಣೆಗಳನ್ನು ಅತಿಥಿಗಳಿಗೆ ತೆರೆದವು. ಮನೆಯವರೇ ಅಡುಗೆ ಮಾಡುತ್ತಿದ್ದರು; ಅತಿಥಿಯ ಹಾಸಿಗೆ ಬಟ್ಟೆ ಮನೆಯ ಬಟ್ಟೆಯೊಡನೆ ಒಗೆದು ಒಣಗುತ್ತಿತ್ತು. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಂಸ್ಟೇ ಯೋಜನೆಯ ಕಲ್ಪನೆಯೂ ಇದೇ ಆಗಿತ್ತು: ಮಾಲೀಕ ಕುಟುಂಬ ಅದೇ ಮನೆಯಲ್ಲಿ ವಾಸವಿರಬೇಕು, ಬಾಡಿಗೆಯ ಕೋಣೆಗಳು ಆರನ್ನು ಮೀರಬಾರದು. ಈಗ ಚಿತ್ರ ಬದಲಾಗಿದೆ. ಇಡೀ ಮನೆಯನ್ನೇ ತಂಡಕ್ಕೆ ಒಪ್ಪಿಸಿ, ಮಾಲೀಕರು ಹಾಸನದಲ್ಲೋ ಬೆಂಗಳೂರಿನಲ್ಲೋ ಇರುವುದು ಅಪರೂಪವಲ್ಲ. ಅಂಥ ಕಡೆ ಅತಿಥಿಯ ಪಾಲಿಗೆ 'ಮನೆಯವರು' ಎಂದರೆ ಬೀಗದ ಕೈ ಕೊಡುವ ಮೇಸ್ತ್ರಿ ಮತ್ತು ನೆಲ ಒರೆಸುವ ಹೆಂಗಸು ಮಾತ್ರ.

ಪ್ರತ್ಯೇಕ ಸ್ವಚ್ಛತಾ ಶುಲ್ಕವೆಂಬುದು ಹೆಚ್ಚಾಗಿ ಅಂತರ್ಜಾಲದ ಬುಕಿಂಗ್ ತಾಣಗಳ ಮೂಲಕ ಇಲ್ಲಿಗೆ ಬಂದಿತು. ರಾತ್ರಿಯ ದರವನ್ನು ಕಡಿಮೆ ತೋರಿಸಿ, ಹಣ ಕಟ್ಟುವ ಕೊನೆಯ ಹಂತದಲ್ಲಿ ದೊಡ್ಡ ಶುಲ್ಕವೊಂದನ್ನು ಸೇರಿಸುವ ಚಾಳಿ ಲೋಕದೆಲ್ಲೆಡೆ ಪ್ರವಾಸಿಗರ ಸಿಟ್ಟಿಗೆ ಕಾರಣವಾಯಿತು. ಏರ್‌ಬಿಎನ್‌ಬಿ ಸಂಸ್ಥೆ 2025ರ ಏಪ್ರಿಲ್‌ನಿಂದ ಎಲ್ಲ ದೇಶಗಳಲ್ಲೂ ಶುಲ್ಕ ಸೇರಿದ ಒಟ್ಟು ಬೆಲೆಯನ್ನು ಮೊದಲೇ ತೋರಿಸತೊಡಗಿತು. ಅಲ್ಪಾವಧಿಯ ತಂಗುಮನೆಗಳು ಒಟ್ಟು ಬೆಲೆಯನ್ನೇ ಪ್ರಕಟಿಸಬೇಕೆಂಬ ಅಮೆರಿಕದ ಕೇಂದ್ರ ವ್ಯಾಪಾರ ಆಯೋಗದ ನಿಯಮ 2025ರ ಮೇ 12ರಂದು ಜಾರಿಗೆ ಬಂದಿತು. ಭಾರತದಲ್ಲಿಯೂ ಗ್ರಾಹಕ ರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಹೊರಡಿಸಿದ ಮಾರ್ಗಸೂಚಿಗಳು, ಬೆಲೆಯ ಭಾಗಗಳನ್ನು ಆರಂಭದಲ್ಲಿ ಮುಚ್ಚಿಟ್ಟು ಕೊನೆಗೆ ಒಂದೊಂದಾಗಿ ಹೊರತೆಗೆಯುವುದನ್ನು ಗ್ರಾಹಕರನ್ನು ದಾರಿತಪ್ಪಿಸುವ ತಂತ್ರಗಳ ಪಟ್ಟಿಯಲ್ಲಿ ಸೇರಿಸಿವೆ. ಆದ್ದರಿಂದ ನ್ಯಾಯವಾದ ಶುಲ್ಕದ ಮೊದಲ ಷರತ್ತು ನಿರ್ವಿವಾದ: ಅತಿಥಿಗೆ ಅದು ಮುಂಚಿತವಾಗಿ, ಒಟ್ಟು ಬೆಲೆಯ ಅಂಗವಾಗಿ ತಿಳಿದಿರಬೇಕು. ಇದು ಗ್ರಾಹಕನಿಗೆ ಸಲ್ಲುವ ನ್ಯಾಯ. ಹಣ ಸಂದಾಯವಾದ ಮೇಲೆ ಅದು ಯಾರ ಕೈ ಸೇರಿತೆಂಬುದನ್ನು ಈ ಯಾವ ನಿಯಮವೂ ಕೇಳುವುದಿಲ್ಲ.

ದುಡಿಮೆಯ ಅಳತೆ

ಕಾಫಿ ಸೀಮೆಗೆ ದುಡಿಮೆಯನ್ನು ಅಳೆಯುವ ಒಂದು ಹಳೆಯ ಪದ್ಧತಿ ಗೊತ್ತಿದೆ. ಕೊಯ್ಲಿನ ದಿನಗಳಲ್ಲಿ ಸಂಜೆ ಕಣದ ಬಳಿ ತಕ್ಕಡಿ ತೂಗುತ್ತದೆ. ಯಾರು ಎಷ್ಟು ಕಿಲೋ ಹಣ್ಣು ಕೊಯ್ದರೆಂಬುದು ಎಲ್ಲರೆದುರಿಗೆ ರೈಟರ ಪುಸ್ತಕ ಸೇರುತ್ತದೆ. ಕಿಲೋಗೆ ಎಷ್ಟೆಂಬ ಬಗ್ಗೆ ಜಗಳವಿರಬಹುದು. ಎಷ್ಟು ಕಿಲೋ ಎಂಬ ಬಗ್ಗೆ ಇರುವುದಿಲ್ಲ. ಅದೇ ತೋಟದ ಹೆಂಗಸು ಹೋಂಸ್ಟೇಯ ಕೆಲಸಕ್ಕೆ ಹೋದಾಗ ಈ ತಕ್ಕಡಿ ಕಾಣೆಯಾಗುತ್ತದೆ. ಮೂರು ಕೋಣೆಯಾದರೂ ಐದು ಕೋಣೆಯಾದರೂ, ಇಬ್ಬರು ತಂಗಿದರೂ ಹನ್ನೆರಡು ಮಂದಿ ಕುಣಿದು ಹೋದರೂ ಕೈಗೆ ಬರುವುದು ಅದೇ ಹಣ. ತೋಟದ ಕೂಲಿಯ ದಿನದಲ್ಲೇ 'ಒಂದಿಷ್ಟು ಗುಡಿಸಿ ಬಾ' ಎಂದು ಕಳಿಸುವ ರೂಢಿಯಿದ್ದಲ್ಲಿ ಅಷ್ಟೂ ಸಿಗುವುದಿಲ್ಲ.

ಮನೆಗೆಲಸವೂ ಕೆಲಸವೇ ಎಂದು ಒಪ್ಪಿ ಅದಕ್ಕೆ ಕನಿಷ್ಠ ವೇತನವನ್ನು ಗೊತ್ತುಪಡಿಸಿದ ದೇಶದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು; ಅದು 2004ರಲ್ಲಿ. ಆ ತತ್ವ ಹೋಂಸ್ಟೇಯ ಅಂಗಳಕ್ಕೂ ಅನ್ವಯಿಸಬೇಕು. ಶುಲ್ಕ ನಿಗದಿಯ ಮೊದಲ ಹೆಜ್ಜೆ ಗಡಿಯಾರವನ್ನು ನೋಡುವುದು: ತಂಡವೊಂದು ಹೋದ ಮೇಲೆ ಮನೆಯನ್ನು ಮತ್ತೆ ಅಣಿಗೊಳಿಸಲು ಎಷ್ಟು ಮಂದಿಗೆ ಎಷ್ಟು ಗಂಟೆ ಹಿಡಿಯಿತೆಂದು ಹತ್ತಾರು ಬಾರಿ ಬರೆದಿಟ್ಟರೆ ಸರಾಸರಿಯೊಂದು ತಾನಾಗಿ ಸಿಗುತ್ತದೆ. ಲೈನ್ ಮನೆಯಿಂದ ನಡೆದು ಬರುವ, ಹಿಂತಿರುಗುವ ಸಮಯವನ್ನೂ ಅದರಲ್ಲಿ ಸೇರಿಸಬೇಕು. ಆಲೂರು-ಸಕಲೇಶಪುರದ ಆನೆ ಸಮಸ್ಯೆ ಯಾರಿಗೂ ಹೊಸದಲ್ಲ. 2014ರಲ್ಲಿ ಈ ಭಾಗದಿಂದ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ ಅದು ಮುಗಿಯಲಿಲ್ಲ. ಸಂಜೆ ತಡವಾದರೆ ಕೆಲಸದವರನ್ನು ವಾಹನದಲ್ಲಿ ಮನೆ ಮುಟ್ಟಿಸುವ ವೆಚ್ಚವೂ ಸ್ವಚ್ಛತೆಯ ವೆಚ್ಚವೇ. ಅದನ್ನು ದಯೆಯೆಂದು ಬಗೆಯಬಾರದು.

ಋತುಮಾನವನ್ನೂ ಲೆಕ್ಕದಿಂದ ಬಿಡುವಂತಿಲ್ಲ. ಆಷಾಢ, ಶ್ರಾವಣಗಳಲ್ಲಿ ದಪ್ಪ ಹೊದಿಕೆಯೊಂದು ಒಣಗಲು ದಿನಗಳೇ ಬೇಕು. ಎರಡು ಜೊತೆ ಬಟ್ಟೆಯಲ್ಲಿ ಬೇಸಿಗೆ ಕಳೆಯುವ ಮನೆಗೆ ಮಳೆಗಾಲದಲ್ಲಿ ಮೂರು ನಾಲ್ಕು ಜೊತೆ ಬೇಕಾಗುತ್ತವೆ, ಇಲ್ಲವೇ ಒಲೆಯ ಮೇಲಿನ ಅಟ್ಟಕ್ಕೆ ಸೌದೆ ಸುಡಬೇಕು. ಇಂಬಳ ಕಚ್ಚಿದ ಕಾಲಿನಿಂದ ಹಾಸಿಗೆಗೆ ತಾಗಿದ ರಕ್ತ, ತೋಟ ಸುತ್ತಿ ಬಂದವರ ಕೆಸರು ಇವು ಈ ನೆಲದ ಮಳೆಗಾಲದ ಸಹಜ ಗುರುತುಗಳು. ಅವನ್ನು 'ಹಾನಿ' ಎಂದು ಕರೆದು ಅತಿಥಿಗೆ ದಂಡ ಹಾಕುವುದು ಅನ್ಯಾಯ. ರಕ್ತದ ಕಲೆಯನ್ನು ಕೂಡಲೇ ತಣ್ಣೀರಿನಲ್ಲಿ ನೆನೆಸಿದರೆ ಬಹುಪಾಲು ಬಿಡುತ್ತದೆ. ಬಿಸಿನೀರು ತಾಗಿದರೆ ಅದರಲ್ಲಿನ ಪ್ರೋಟೀನು ಗಟ್ಟಿಯಾಗಿ ಬಟ್ಟೆಯಲ್ಲೇ ನಿಲ್ಲುತ್ತದೆ. ಆಮೇಲೆ ಬ್ಲೀಚಿನ ಮೊರೆಹೋಗಬೇಕಾಗುತ್ತದೆ. ಇಷ್ಟು ಸಣ್ಣ ತಿಳಿವಳಿಕೆಯಿಂದ ಬಟ್ಟೆಯೂ ಉಳಿಯುತ್ತದೆ, ನೀರೂ ಉಳಿಯುತ್ತದೆ.

ಹೊರಗೆ ಹೋದ ಕೊಳೆ

ಕೋಣೆಯ ಕೊಳೆ ಕೋಣೆಯಿಂದ ಹೊರಟ ಮಾತ್ರಕ್ಕೆ ಇಲ್ಲವಾಗುವುದಿಲ್ಲ. ದೋಣಿಗಲ್ಲಿನ ಸುತ್ತಿನ ಇಳಿಜಾರುಗಳಲ್ಲಿ ಅದು ಬಹುಬೇಗ ನೀರನ್ನು ಸೇರುತ್ತದೆ. ಈ ಸೀಮೆ ಎರಡು ಕಡಲುಗಳ ನಡುವಣ ಏಣಿನ ಮೇಲೆ ಕುಳಿತಿದೆ. ಸಕಲೇಶಪುರದ ಮಗ್ಗುಲಲ್ಲಿ ಹರಿಯುವ ಹೇಮಾವತಿ ಗೊರೂರಿನ ಜಲಾಶಯವನ್ನು ತುಂಬಿ ಕಾವೇರಿಯನ್ನು ಸೇರುತ್ತದೆ. ಘಾಟಿಯ ಕಡೆಗೆ ಬಾಗಿದ ಹಳ್ಳಗಳು ಕುಮಾರಧಾರಾ, ನೇತ್ರಾವತಿಗಳ ಮೂಲಕ ಮಂಗಳೂರಿನ ಜನರ ಕುಡಿಯುವ ನೀರಾಗುತ್ತವೆ. ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಇದೇ ತಾಲ್ಲೂಕಿನಲ್ಲಿ ಚಾಲನೆ ದೊರೆಯಿತು. ಆ ಯೋಜನೆಯ ಸಾಧಕಬಾಧಕಗಳ ಮಾತು ಬೇರೆ. ಆದರೆ ಘಾಟಿಯಂಚಿನ ಈ ಹಳ್ಳಗಳ ನೀರನ್ನು ಕೋಲಾರ, ಚಿಕ್ಕಬಳ್ಳಾಪುರದವರು ಸಹ ಕಾಯುವಂತಾಗಿದೆ. ಇಲ್ಲಿನ ಬಚ್ಚಲಿನಲ್ಲಿ ಸುರಿದದ್ದು ಇಲ್ಲಿಯೇ ಉಳಿಯುತ್ತದೆಂದು ಯಾರೂ ಭಾವಿಸುವಂತಿಲ್ಲ.

ಶೌಚದ ಗುಂಡಿಯ ಕೆಲಸ ನಡೆಯುವುದು ಸೂಕ್ಷ್ಮಜೀವಿಗಳಿಂದ. ಹೊಳೆಯುವ ಬಚ್ಚಲಿಗಾಗಿ ವಾರವಾರವೂ ಧಾರಾಳವಾಗಿ ಸುರಿಯುವ ಬ್ಲೀಚು, ಆಸಿಡ್ಡುಗಳು ಆ ಜೀವಿಗಳನ್ನು ಕೊಲ್ಲುತ್ತವೆ. ಆಗ ಕೊಳೆಯದೆ ಉಳಿದ ಮಲದಂಶ ಇಂಗುಗುಂಡಿಗೆ ನುಗ್ಗಿ ಅದರ ರಂಧ್ರಗಳನ್ನು ಮುಚ್ಚುತ್ತದೆ. ಮಳೆಗಾಲದಲ್ಲಿ ಮಣ್ಣು ಮೊದಲೇ ನೀರುಂಡು ತುಂಬಿರುವುದರಿಂದ ಗುಂಡಿ ಉಕ್ಕಿ ಇಳಿಜಾರಿಗೆ ಹರಿಯುತ್ತದೆ. ಚರ್ಮದ ಮೂಲಕವೂ ಉಸಿರಾಡುವ ಕಪ್ಪೆಗಳಿಗೆ, ಹಳ್ಳದ ಸಣ್ಣ ಮೀನುಗಳಿಗೆ ಸೋಪಿನ ನೀರು ಮಾರಕ. ಆಸಿಡ್ಡನ್ನೂ ಬ್ಲೀಚನ್ನೂ ಒಂದೇ ಬಚ್ಚಲಿನಲ್ಲಿ ಬೆರೆಸಿದರೆ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಕಿಟಕಿ ಮುಚ್ಚಿದ ಚಿಕ್ಕ ಕೋಣೆಯಲ್ಲಿ ಬಾಗಿ ತಿಕ್ಕುವವಳ ಶ್ವಾಸಕೋಶಕ್ಕೆ ಅದು ನೇರ ಅಪಾಯ. ಹೀಗೆ ದುಡಿಯುವವರ ಆರೋಗ್ಯ ಮತ್ತು ಹಳ್ಳದ ಆರೋಗ್ಯ ಒಂದೇ ಬಾಟಲಿಯ ಮೇಲೆ ನಿಂತಿವೆ.

ನೀರು ಇಳಿಜಾರಿಗೆ ಏನು ಮಾಡಬಲ್ಲದೆಂಬುದನ್ನು ದೋಣಿಗಲ್ಲಿಗೆ ಹೇಳಿಕೊಡಬೇಕಿಲ್ಲ. 2022ರ ಜುಲೈನ ಮಳೆಯಲ್ಲಿ ಇಲ್ಲಿಯೇ ಹೆದ್ದಾರಿಯ ಅಂಚು ಕುಸಿದು ಘಾಟಿಯ ಸಂಚಾರ ನಿಂತಿತ್ತು. 2024ರ ಜುಲೈನಲ್ಲಿ ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ರೈಲುಹಳಿಯ ಕೆಳಗಿನ ಮಣ್ಣು ಜಾರಿ ರೈಲುಗಳು ನಿಂತವು. ಈ ಕುಸಿತಗಳಿಗೆ ಹೋಂಸ್ಟೇಗಳೇ ಕಾರಣವೆಂದು ಹೇಳುವುದು ಅತಿರೇಕವಾದೀತು. ಆದರೆ ಗುಡ್ಡವನ್ನು ಕಡಿದು ಮಟ್ಟಮಾಡಿದ ಜಾಗದಲ್ಲಿ, ಇಳಿಜಾರಿನ ನೆತ್ತಿಗೆ ದಿನವೂ ಸಾವಿರಾರು ಲೀಟರ್ ಒಗೆತದ ನೀರನ್ನು ಇಂಗಿಸುವುದು ವಿವೇಕವೆನಿಸದು.

ಇನ್ನು ಕಸದ ಮಾತು. ಒಂದೇ ಬಾರಿ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳನ್ನು ಕರ್ನಾಟಕ 2016ರಲ್ಲೇ ನಿಷೇಧಿಸಿತು. 2022ರ ಜುಲೈ 1ರಿಂದ ಕೇಂದ್ರದ ನಿಷೇಧವೂ ಬಂತು. ಕಸವನ್ನು ಹುಟ್ಟುಹಾಕಿದವರೇ ಬೇರ್ಪಡಿಸಬೇಕು, ಬಯಲಿನಲ್ಲಿ ಎಸೆಯಬಾರದು, ಸುಡಬಾರದು, ಹೂಳಬಾರದು, ಸಾಗಣೆಗೆ ಬಳಕೆದಾರ ಶುಲ್ಕ ಕೊಡಬೇಕು ಎಂಬ ತತ್ವವನ್ನು 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಸ್ಪಷ್ಟವಾಗಿ ಸಾರಿದವು. ಆದರೂ ಅನೇಕ ತೋಟಗಳ ಹಿಂಬದಿಯಲ್ಲಿ ಗುಂಡಿಯೊಂದು ಹೊಗೆಯಾಡುತ್ತಲೇ ಇರುತ್ತದೆ. ಉಳಿದ ಅನ್ನ, ಮಾಂಸಗಳು ಕಾಡುಹಂದಿ ಮತ್ತು ಬೀದಿನಾಯಿಗಳನ್ನು ಕರೆಯುತ್ತವೆ. ಗ್ರಾಮ ಪಂಚಾಯಿತಿಯ ಸ್ವಚ್ಛವಾಹಿನಿ ಗಾಡಿ ಮುಖ್ಯರಸ್ತೆಯಲ್ಲಿ ಹಾದುಹೋಗುವ ದಿನ, ಒಣಕಸದ ಚೀಲವನ್ನು ಅಲ್ಲಿಯವರೆಗೆ ಒಯ್ಯಲು ಒಬ್ಬರ ಅರ್ಧ ಗಂಟೆ ಬೇಕು. ಆ ಅರ್ಧ ಗಂಟೆಗೆ ಯಾರೂ ಹಣ ಕೊಡದಿರುವುದೇ ಹೊಗೆಯ ನಿಜವಾದ ಕಾರಣ.

ಒಂದು ಲೆಕ್ಕದ ಮಾದರಿ

ಮೂರು ಕೋಣೆಗಳ, ಎಂಟು ಮಂದಿ ತಂಗುವ ಮನೆಯೊಂದನ್ನು ಊಹಿಸಿಕೊಳ್ಳಬಹುದು. ಕೆಳಗಿನ ಅಂಕಿಗಳು ದರಪಟ್ಟಿಯಲ್ಲ. ಪ್ರತಿ ಮನೆಯವರೂ ತಮ್ಮ ಅಂಕಿಗಳನ್ನು ತುಂಬಿಕೊಳ್ಳಬೇಕಾದ ಮಾದರಿ ಮಾತ್ರ. ಇಬ್ಬರಿಗೆ ಮೂರು ಮೂರು ಗಂಟೆ, ಬಟ್ಟೆ ಒಗೆಯಲು ಎರಡು ಗಂಟೆ, ನಡಿಗೆಗೆ ತಲಾ ಒಂದು ಗಂಟೆ ಎಂದರೆ ಒಟ್ಟು ಹತ್ತು ಗಂಟೆ. ಎಂಟು ಗಂಟೆಯ ದಿನಕ್ಕೆ 600 ರೂಪಾಯಿ ಎಂದಿಟ್ಟುಕೊಂಡರೆ ಗಂಟೆಗೆ 75, ಹತ್ತು ಗಂಟೆಗೆ 750 ರೂಪಾಯಿ. ಸೋಪು, ವಿದ್ಯುತ್ತು, ಒಣಗಿಸುವಿಕೆಗೆ 250. ಕಸ ಬೇರ್ಪಡಿಸಿ ಸಾಗಿಸಲು 150. ಶೌಚಗುಂಡಿ, ಇಂಗುಗುಂಡಿಗಳ ನಿರ್ವಹಣೆಯ ಮೀಸಲು 150. ಕೈಗವಸು ಮತ್ತು ಬಟ್ಟೆಗಳ ಸವೆತಕ್ಕೆ 100. ಎಲ್ಲ ಸೇರಿ 1,400 ರೂಪಾಯಿ.

ಗುಂಡಿಯ ಮೀಸಲನ್ನು ಕಡೆಗಣಿಸುವಂತಿಲ್ಲ. ಶೌಚಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯಿದೆಯ ಪ್ರಕಾರ ಅಪರಾಧ. ಹೀರುವ ಯಂತ್ರದ ಗಾಡಿ ಗುಡ್ಡ ಹತ್ತಿ ಬರಬೇಕು. ಆ ಖರ್ಚು ಒಮ್ಮೆಗೇ ಎದುರಾದಾಗ ಹಣವಿಲ್ಲದಿದ್ದರೆ ಜನ ಅಡ್ಡದಾರಿ ಹಿಡಿಯುತ್ತಾರೆ.

ಈ ಲೆಕ್ಕದಿಂದ ಎರಡು ಸಂಗತಿಗಳು ಹೊರಬರುತ್ತವೆ. ಒಂದು, ಶುಲ್ಕ ತೆರೆದ ಕೋಣೆಗಳನ್ನು ಅನುಸರಿಸಬೇಕು. ಇಡೀ ಮನೆಗೆ 500, ತೆರೆದ ಪ್ರತಿ ಕೋಣೆಗೆ 300 ಎಂದು ವಿಂಗಡಿಸಿದರೆ ಮೂರು ಕೋಣೆಗೆ ಅದೇ 1,400 ಆಗುತ್ತದೆ. ಒಂದೇ ಕೋಣೆ ಪಡೆದ ದಂಪತಿಗೆ 800 ಆಗುತ್ತದೆ. ಇಬ್ಬರು ಎಂಟು ಮಂದಿಯ ಕೊಳೆಗೆ ಹಣ ತೆರುವ ಅನ್ಯಾಯ ತಪ್ಪುತ್ತದೆ. ಎರಡು, ಶುಲ್ಕವನ್ನು ರಾತ್ರಿಗಳಿಗೆ ಹೊಂದಿಸದೆ ಭೇಟಿಗೆ ಒಮ್ಮೆ ವಿಧಿಸಬೇಕು. ಆಗ ಎಂಟು ಮಂದಿ ಒಂದು ರಾತ್ರಿ ಇದ್ದರೆ ತಲೆಗೆ 175 ರೂಪಾಯಿ, ಎರಡು ರಾತ್ರಿ ಇದ್ದರೆ ರಾತ್ರಿಗೆ ತಲೆಗೆ 87 ರೂಪಾಯಿ 50 ಪೈಸೆ, ನಾಲ್ಕು ರಾತ್ರಿಗೆ 44ಕ್ಕೂ ಕಡಿಮೆ. ಹೆಚ್ಚು ದಿನ ಉಳಿದವರಿಗೆ ಅನುಕೂಲವಾಗುತ್ತದೆ. ಗುಡ್ಡಕ್ಕೆ ಬೇಕಾದುದೂ ಅದೇ: ಕಡಿಮೆ ವಾಹನಗಳು, ಕಡಿಮೆ ಒಗೆತ, ಕಡಿಮೆ ಬ್ಲೀಚು. ಒಂದು ರಾತ್ರಿ ಗದ್ದಲ ಮಾಡಿ ಹೋಗುವ ಪ್ರವಾಸ ತನ್ನ ನಿಜವಾದ ವೆಚ್ಚವನ್ನು ಹೊರಬೇಕಾಗುತ್ತದೆ. ನಾಲ್ಕು ದಿನಗಳ ನಡುವೆ ಅತಿಥಿ ಮತ್ತೊಮ್ಮೆ ಗುಡಿಸಿ ಒರೆಸಲು ಕೇಳಿದರೆ ಆ ಗಂಟೆಗಳನ್ನು ಪ್ರತ್ಯೇಕವಾಗಿ ಎಣಿಸಬಹುದು.

ಆಕ್ಷೇಪಗಳು

ಅತಿಥಿಯಿಂದ ಗುಡಿಸಿದ್ದಕ್ಕೆ ಹಣ ಪಡೆಯುವುದು ಮಲೆನಾಡಿನ ಮರ್ಯಾದೆಯಲ್ಲ ಎಂಬ ಮಾತಿದೆ. ಬಂದವರಿಗೆ ಕಾಲಿಗೆ ನೀರು, ಬೆಲ್ಲದ ತುಂಡು ಕೊಟ್ಟ ಮನೆಗಳಿವು, ನಿಜ. ಆದರೆ ಹಾಸಿಗೆಗೆ, ಊಟಕ್ಕೆ, ಅಂಗಳದ ಬೆಂಕಿಗೆ ಬಾಡಿಗೆ ಪಡೆದ ಮೇಲೆ, ಗುಡಿಸುವವಳ ಕೂಲಿಯ ಹೊತ್ತಿಗೆ ಮಾತ್ರ ಆತಿಥ್ಯಧರ್ಮ ನೆನಪಾಗುವುದು ಸರಿಯಲ್ಲ. ಮನೆಯೊಡತಿಯೇ ಗುಡಿಸಿ ಒಗೆಯುವ ಸಣ್ಣ ಹೋಂಸ್ಟೇಗಳಲ್ಲಿಯೂ ಈ ಲೆಕ್ಕ ಬೇಕು. ಆಕೆಯ ಹತ್ತು ಗಂಟೆಗಳನ್ನು ಸೊನ್ನೆಯೆಂದು ಎಣಿಸಿ ಬಂದ ಲಾಭ ನಿಜವಾದ ಲಾಭವಲ್ಲ.

ಶುಲ್ಕವನ್ನೂ ಕೊಟ್ಟು, ಹೊರಡುವಾಗ ಪಾತ್ರೆಯನ್ನೂ ತೊಳೆಯಬೇಕೆ ಎಂದು ಅತಿಥಿಗಳು ಕೇಳುತ್ತಾರೆ. ಕೇಳುವುದು ನ್ಯಾಯವೇ. ಶುಲ್ಕ ಪಡೆದ ಮನೆ ಅತಿಥಿಯಿಂದ ಬಯಸಬಹುದಾದದ್ದು ಒಂದೇ: ಕಸವನ್ನು ಬೇರೆಬೇರೆ ಬುಟ್ಟಿಗಳಿಗೆ ಹಾಕುವುದು. ಅದು ಕಾನೂನಿನ ಆಶಯವೂ ಹೌದು. ಮುರಿದ ಕುರ್ಚಿಗೆ, ಸುಟ್ಟ ಹಾಸಿಗೆಗೆ ಪರಿಹಾರ ಕೇಳುವುದು ಬೇರೆ ವಿಷಯ; ಅದನ್ನು ಸ್ವಚ್ಛತಾ ಶುಲ್ಕದೊಡನೆ ಬೆರೆಸಬಾರದು.

ಮೂರನೆಯದು ಪೈಪೋಟಿಯ ಭಯ. ಒಬ್ಬರು ಪ್ರಾಮಾಣಿಕವಾಗಿ ಲೆಕ್ಕ ಹಾಕಿ ಶುಲ್ಕ ಬರೆದರೆ, ಕಸವನ್ನು ಸುಟ್ಟು ಕೂಲಿಯನ್ನು ಹಿಡಿದುಕೊಂಡ ಪಕ್ಕದ ಮನೆ ಅಗ್ಗವಾಗಿ ಕಾಣುತ್ತದೆ. ಈ ಭಯ ಹುಸಿಯಲ್ಲ; ಒಬ್ಬೊಬ್ಬರ ಸದ್ಭಾವನೆಯಿಂದ ಇದು ಬಗೆಹರಿಯುವುದೂ ಇಲ್ಲ. ಕೋಣೆಯ ಬಾಡಿಗೆ ಅವರವರ ಇಷ್ಟಕ್ಕಿರಲಿ. ಗಂಟೆಗೆ ಕೂಲಿ ಎಷ್ಟಕ್ಕಿಂತ ಕಡಿಮೆ ಆಗಬಾರದು, ಕಸ ಎಲ್ಲಿಗೆ ಹೋಗಬೇಕು, ಶೌಚಗುಂಡಿ ಹೇಗಿರಬೇಕು ಎಂಬ ಮೂರು ವಿಷಯಗಳಲ್ಲಿ ಒಂದು ಪಂಚಾಯಿತಿಯ ವ್ಯಾಪ್ತಿಯ ಹೋಂಸ್ಟೇಗಳೆಲ್ಲ ಒಂದೇ ನಿಯಮಕ್ಕೆ ಬರಬೇಕು. ಗ್ರಾಮಸಭೆಯಲ್ಲಿ ಈ ಚರ್ಚೆ ನಡೆಯಲು ಯಾವ ಅಡ್ಡಿಯೂ ಇಲ್ಲ. ಸಂಜೀವಿನಿ ಒಕ್ಕೂಟದ ಮಹಿಳೆಯರು ಅನೇಕ ಪಂಚಾಯಿತಿಗಳಲ್ಲಿ ಈಗಾಗಲೇ ಕಸದ ಗಾಡಿಯನ್ನು ನಡೆಸುತ್ತಿದ್ದಾರೆ. ಹಳ್ಳದಿಂದ ದೂರದಲ್ಲಿ, ಒಗೆದ ನೀರನ್ನು ಸೋಸುವ ವ್ಯವಸ್ಥೆಯಿರುವ ಸಾಮೂಹಿಕ ಒಗೆತದ ಮನೆಯೊಂದನ್ನು ಅವರಿಗೇ ವಹಿಸಿದರೆ ಮಳೆಗಾಲದ ಒಣಗಿಸುವ ಕಷ್ಟವೂ ನೀಗುತ್ತದೆ, ಶುಲ್ಕದ ಒಂದು ಪಾಲು ಊರಿನಲ್ಲೇ ಉಳಿಯುತ್ತದೆ.

ಇವೆಲ್ಲಕ್ಕೂ ಸರ್ಕಾರದ ಆದೇಶವನ್ನು ಕಾಯಬೇಕಿಲ್ಲ. ಮುಂಗಾರಿನಲ್ಲಿ ಬುಕಿಂಗ್ ಕಡಿಮೆಯಿರುವ ವಾರದ ದಿನಗಳು ಲೆಕ್ಕ ಬರೆಯಲು ಒಳ್ಳೆಯ ಕಾಲ. ಎಷ್ಟು ಗಂಟೆ, ಎಷ್ಟು ಕೂಲಿ, ಕಸಕ್ಕೆಷ್ಟು, ಗುಂಡಿಗೆಷ್ಟು ಎಂಬುದನ್ನು ಕನ್ನಡದಲ್ಲಿ ಒಂದು ಹಾಳೆಯ ಮೇಲೆ ಬರೆದು ಎರಡು ಕಡೆ ತೂಗುಹಾಕಬೇಕು: ಒಂದು ಅತಿಥಿ ಹಣ ಕೊಡುವ ಜಗಲಿಯಲ್ಲಿ, ಮತ್ತೊಂದು ಪೊರಕೆ ಬಕೀಟುಗಳನ್ನಿಡುವ ಹಿಂಬಾಗಿಲಿನಲ್ಲಿ. ಜಗಲಿಯ ಹಾಳೆಯಲ್ಲಿರುವ ಕೂಲಿಯ ಅಂಕಿಯೇ ಹಿಂಬಾಗಿಲಿನ ಹಾಳೆಯಲ್ಲೂ ಇರಬೇಕು. ಪೊರಕೆ ಹಿಡಿದು ಬಂದವಳು ಅದನ್ನು ಓದಿ, ಸಂಜೆ ತನ್ನ ಕೈಗೆ ಬಂದ ಹಣದೊಡನೆ ತಾಳೆ ನೋಡುವಂತಿದ್ದರೆ ಸಾಕು. ಕಣದ ತಕ್ಕಡಿ ಹೋಂಸ್ಟೇಗೂ ಬಂದಂತಾಗುತ್ತದೆ.